ತಂತ್ರಾಂಶದ ಜೀವನಚಕ್ರ: ಎರವಲು ಪದಗಳ ನಡೆ

ತಂತ್ರಾಂಶ ತಯಾರಿಕೆಯ ಇಂಗ್ಲಿಷ್ ಪದಗಳಲ್ಲಿ ಆ ಕ್ಷೇತ್ರದಲ್ಲೇ ಹುಟ್ಟಿದವು ಕಡಿಮೆ. ‘ಸಾಫ್ಟ್‌ವೇರ್’ ಪದವನ್ನು ಈಗಿನ ಅರ್ಥದಲ್ಲಿ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ 1958ರ ಲೇಖನವೊಂದರಲ್ಲಿ ಬಳಸಿದರು. ‘ಬಗ್’ ಅದಕ್ಕಿಂತ ಹಳೆಯದು. 1947ರಲ್ಲಿ ಹಾರ್ವರ್ಡ್‌ನ ಮಾರ್ಕ್ 2 ಯಂತ್ರದೊಳಗೆ ಸಿಕ್ಕ ಪತಂಗದಿಂದ ಅದು ಹುಟ್ಟಿತೆಂಬ ಕಥೆ ಜನಪ್ರಿಯವಾದರೂ, ಎಡಿಸನ್ 1878ರಲ್ಲೇ ಯಂತ್ರದ ದೋಷಗಳನ್ನು ಹಾಗೆ ಕರೆದಿದ್ದ. ಪತಂಗವನ್ನು ದಾಖಲೆ ಪುಸ್ತಕಕ್ಕೆ ಅಂಟಿಸಿ ‘ನಿಜವಾದ ಬಗ್ ಸಿಕ್ಕಿತು’ ಎಂಬರ್ಥದ ಟಿಪ್ಪಣಿ ಬರೆದವರ ತಮಾಷೆಯೇ ಪದ ಮೊದಲಿನಿಂದ ಇತ್ತೆನ್ನುವುದಕ್ಕೆ ಸಾಕ್ಷಿ.

‘ಲೈಫ್ ಸೈಕಲ್’ ಜೀವಶಾಸ್ತ್ರದ ಕೊಡುಗೆ. ಮೊಟ್ಟೆ ಹುಳುವಾಗಿ, ಚಿಟ್ಟೆಯಾಗಿ, ಮತ್ತೆ ಮೊಟ್ಟೆಯಿಡುವಲ್ಲಿ ಚಕ್ರ ನಿಜಕ್ಕೂ ಸುತ್ತುತ್ತದೆ. ತಂತ್ರಾಂಶದಲ್ಲಿ ಅದು ಮೊದಲಿಗೆ ನೇರ ಗೆರೆಯಾಗಿತ್ತು: ಅಗತ್ಯಗಳ ಪಟ್ಟಿ, ವಿನ್ಯಾಸ, ಕೋಡಿಂಗ್, ಪರೀಕ್ಷೆ, ಬಳಕೆ. ಅಮೆರಿಕದ ವಾಯುರಕ್ಷಣಾ ವ್ಯವಸ್ಥೆಯಾದ ಸೇಜ್‌ನ ಅನುಭವದಿಂದ ಹರ್ಬರ್ಟ್ ಬೆನಿಂಗ್ಟನ್ 1956ರಲ್ಲಿ ಇಂಥ ಹಂತಗಳನ್ನು ವಿವರಿಸಿದ್ದರು. 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಮೆಟ್ಟಿಲಿನಂಥ ಚಿತ್ರ ಬರೆದು, ಹಿಂದಿರುಗಿ ತಿದ್ದಲು ಎಡೆಯಿಲ್ಲದ ಈ ಕ್ರಮ ಅಪಾಯಕಾರಿ ಎಂದೂ ಎಚ್ಚರಿಸಿದರು. ಅವರ ಲೇಖನದಲ್ಲಿ ‘ವಾಟರ್‌ಫಾಲ್’ ಎಂಬ ಪದವೇ ಇಲ್ಲ. ಅದು ಬೆಲ್ ಮತ್ತು ಥೇಯರ್ ಅವರ 1976ರ ಪ್ರಬಂಧದಲ್ಲಿ ಕಾಣಿಸಿತು. ಎಚ್ಚರಿಸಿದವರೇ ಅದರ ಜನಕರೆಂದು ಪಠ್ಯಪುಸ್ತಕಗಳಲ್ಲಿ ಉಳಿದದ್ದು ವಿಚಿತ್ರ.

ಬಳಕೆಯ ಗೊಂದಲ ಹೆಚ್ಚಾಗಿರುವುದು ಎರಡು ಚಕ್ರಗಳ ನಡುವೆ. ಐಇಇಇ ಸಂಸ್ಥೆಯ 1990ರ ಪದಕೋಶದ ಪ್ರಕಾರ ‘ಡೆವಲಪ್‌ಮೆಂಟ್ ಸೈಕಲ್’ ತಂತ್ರಾಂಶವನ್ನು ಗ್ರಾಹಕರ ಕೈಗಿಟ್ಟಾಗ ಮುಗಿಯುತ್ತದೆ. ‘ಲೈಫ್ ಸೈಕಲ್’ ಅದು ಬಳಕೆಗೆ ಸಿಗದಂತಾದಾಗ. ಮೊದಲನೆಯದು ಎರಡನೆಯದರ ಒಂದು ತುಂಡು ಮಾತ್ರ. ಆದರೆ ‘ಡೆವಲಪ್‌ಮೆಂಟ್ ಲೈಫ್ ಸೈಕಲ್’ ಎಂಬ ಬೆಸುಗೆ ಪದ ಚಾಲ್ತಿಗೆ ಬಂದು, ತಯಾರಿಕೆಗೂ ಇಡೀ ಆಯುಷ್ಯಕ್ಕೂ ಇದ್ದ ಗಡಿಯನ್ನು ಅಳಿಸಿತು. ‘ಲೈಫ್ ಸೈಕಲ್’ನ ಕಾಗುಣಿತದಲ್ಲೂ ಒಮ್ಮತವಿಲ್ಲ. 1995ರ ಐಎಸ್‌ಒ/ಐಇಸಿ 12207 ಮಾನದಂಡ ಅದನ್ನು ಎರಡು ಪದಗಳಾಗಿ ಬರೆದರೆ, ಮೈಕ್ರೋಸಾಫ್ಟ್ ತನ್ನ ಬೆಂಬಲ ನೀತಿಯಲ್ಲಿ ಕೂಡಿಸಿ ಬರೆಯುತ್ತದೆ. ವಿಶೇಷಣವಾದಾಗ ಅಡ್ಡಗೆರೆ ಹಾಕುವವರೂ ಇದ್ದಾರೆ. ಮೂರೂ ಒಪ್ಪಿತ ರೂಪಗಳೇ. ಒಂದೇ ದಾಖಲೆಯಲ್ಲಿ ಮೂರನ್ನೂ ಬೆರೆಸುವುದಷ್ಟೇ ತಪ್ಪು.

‘ಮೇಂಟೆನೆನ್ಸ್’ ಯಂತ್ರಾಂಶದ ಕಡೆಯಿಂದ ಬಂದು ಅಷ್ಟಾಗಿ ಹೊಂದಿಕೊಳ್ಳದ ಪದ. ಕೋಡ್ ಸವೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಬರ್ಟನ್ ಸ್ವಾನ್ಸನ್ 1976ರಲ್ಲಿ ಈ ಕೆಲಸವನ್ನು ದೋಷ ತಿದ್ದುವುದು, ಬದಲಾದ ಪರಿಸರಕ್ಕೆ ಒಗ್ಗಿಸುವುದು, ಉತ್ತಮಪಡಿಸುವುದು ಎಂದು ಮೂರಾಗಿ ವಿಂಗಡಿಸಿದಾಗ, ಕೆಟ್ಟದ್ದನ್ನು ಸರಿಪಡಿಸುವುದು ಅದರ ಒಂದು ಪಾಲು ಮಾತ್ರ ಎಂಬುದು ಸ್ಪಷ್ಟವಾಯಿತು. ಬಳಕೆಯಲ್ಲಿರುವ ತಂತ್ರಾಂಶ ಬದಲಾಗುತ್ತಲೇ ಇರಬೇಕೆಂದು ಮೀರ್ ಲೇಮನ್ ಪ್ರತಿಪಾದಿಸಿದ ಮೇಲೆ ‘ಎವಲ್ಯೂಷನ್’ ಎಂಬ ಪದವೂ ಸೇರಿಕೊಂಡಿತು. ಅದೂ ಜೀವಶಾಸ್ತ್ರದಿಂದಲೇ.

ಮುಂದಿನ ಅಲೆ ಆಟದ ಮೈದಾನದಿಂದ ಬಂತು. ಟಾಕೆಯುಚಿ ಮತ್ತು ನೊನಾಕ 1986ರಲ್ಲಿ ಉತ್ಪನ್ನ ತಯಾರಿಕೆಯ ಬಗ್ಗೆ ಬರೆಯುವಾಗ ರಗ್ಬಿಯ ‘ಸ್ಕ್ರಮ್’ ಅನ್ನು ನೆನೆದರು. 1995ರಲ್ಲಿ ಸದರ್‌ಲ್ಯಾಂಡ್ ಮತ್ತು ಶ್ವೇಬರ್ ಅದನ್ನು ತಂತ್ರಾಂಶದ ವಿಧಾನವಾಗಿ ಮಂಡಿಸಿದರು. ವಾರಗಳ ಕೆಲಸದ ಅವಧಿಗೆ ‘ಸ್ಪ್ರಿಂಟ್’ ಎಂಬ ಹೆಸರು ಬಿತ್ತು. ಒಂದರ ಬೆನ್ನಿಗೊಂದು ಬಿಡುವಿಲ್ಲದೆ ಓಡುವುದನ್ನು ಯಾವ ಓಟಗಾರನೂ ಸ್ಪ್ರಿಂಟ್ ಎನ್ನಲಾರ. 2001ರಲ್ಲಿ ಯೂಟಾದ ಸ್ನೋಬರ್ಡ್‌ನಲ್ಲಿ ಸೇರಿದ 17 ಮಂದಿ ‘ಅಜೈಲ್’ ಎಂಬ ವಿಶೇಷಣವನ್ನು ಆರಿಸಿಕೊಂಡರು. ಬೆಂಗಳೂರಿನ ಕಚೇರಿಗಳವರೆಗೆ ಅದೀಗ ನಾಮಪದದಂತೆಯೇ ಓಡಾಡುತ್ತಿದೆ.

ಆಯುಷ್ಯದ ಕೊನೆಯ ಪದಗಳಲ್ಲಿ ಎಡವುವುದು ಹೆಚ್ಚು. ‘ಡೆಪ್ರಿಕೇಟೆಡ್’ ಎಂದರೆ ಇನ್ನೂ ಕೆಲಸ ಮಾಡುತ್ತದೆ, ಆದರೆ ಬಳಸದಿರುವುದು ಲೇಸು ಎಂದರ್ಥ. ಇದನ್ನು ‘ಆಬ್ಸಲೀಟ್‌’ನಿಂದ ಬೇರ್ಪಡಿಸಿ 1997ರ ಎಚ್‌ಟಿಎಂಎಲ್ 4.0 ವಿವರಿಸಿತು. ಬೆಲೆ ಕುಸಿತದ ‘ಡಿಪ್ರಿಶಿಯೇಟೆಡ್’ ಜೊತೆ ಅದು ಕಲಸಿಹೋಗುವುದು ಇಂದಿಗೂ ನಿಂತಿಲ್ಲ. ‘ಎಂಡ್ ಆಫ್ ಲೈಫ್’ ಕೂಡ ತಂತ್ರಾಂಶ ನಿಂತುಹೋಗುವುದನ್ನು ಹೇಳುವುದಿಲ್ಲ, ತಯಾರಕರು ಕೈಬಿಡುವುದನ್ನು ಹೇಳುತ್ತದೆ. ವಿಂಡೋಸ್ ಎಕ್ಸ್‌ಪಿಗೆ ಸಾಮಾನ್ಯ ಬೆಂಬಲ 2009ರಲ್ಲೂ ವಿಸ್ತೃತ ಬೆಂಬಲ 2014ರ ಏಪ್ರಿಲ್ 8ರಂದೂ ಮುಗಿಯಿತು. ಆಮೇಲೂ ಅದು ಅನೇಕ ಎಟಿಎಂಗಳಲ್ಲಿ ಓಡುತ್ತಿತ್ತು.