ಮುಠಾ ಕಾಲುವೆಯ ದಂಡೆಗುಂಟ

ಊರಿನಿಂದ ನೆಂಟರಿಷ್ಟರು ಬಂದರೆ ಪುಣೆಯ ಕನ್ನಡಿಗರಾದ ನಾವು ಅವರಿಗೆ ತೋರಿಸುವ ಸ್ಥಳಗಳು ಗೊತ್ತೇ ಇವೆ: ಶನಿವಾರವಾಡೆ, ಪರ್ವತಿ, ಸಿಂಹಗಡ. ಆದರೆ ಪರ್ವತಿಯ ಮೆಟ್ಟಿಲು ಹತ್ತಲಾರದ ಅಜ್ಜಿ, ಸಿಂಹಗಡದ ಅರ್ಧ ದಾರಿಯಲ್ಲೇ ಎತ್ತಿಕೋ ಎಂದು ಹಟ ಹಿಡಿಯುವ ಮಗು ಎಲ್ಲರ ಮನೆಗಳಲ್ಲೂ ಇರುತ್ತಾರೆ. ಅಂಥ ಸಂಸಾರವೂ ಒಟ್ಟಾಗಿ ನಡೆಯಬಹುದಾದ ಒಂದು ಹಾದಿ ಈ ಊರಿನಲ್ಲಿದೆ. ಅದಕ್ಕೆ ಟಿಕೇಟಿಲ್ಲ, ಏರು ಇಲ್ಲ, ಇಳಿಜಾರಂತೂ ಕಣ್ಣಿಗೆ ಕಾಣುವುದೇ ಇಲ್ಲ. ಅದು ಮುಠಾ ನದಿಯ ಬಲದಂಡೆ ಕಾಲುವೆಯ ಬದಿಯ ಹಾದಿ. ನಮ್ಮ ಮರಾಠಿ ನೆರೆಹೊರೆಯವರು ಅದನ್ನು ‘ಕಾಲವಾ’ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದೊಡನೆ ನಮಗೆ ‘ಕಾಲುವೆ’ ನೆನಪಾಗದೆ ಇರದು.

ಈ ನಡಿಗೆ ಇಷ್ಟು ಸುಲಭವೇಕೆ ಎಂದು ಕೇಳಿಕೊಂಡರೆ ಅದರ ಇತಿಹಾಸದ ಬಾಗಿಲು ತಾನಾಗಿ ತೆರೆಯುತ್ತದೆ. ನದಿ ತನಗೆ ಬೇಕಾದಂತೆ ಧುಮುಕಿ ಇಳಿಯುತ್ತದೆ. ಕಾಲುವೆಗೆ ಆ ಸ್ವಾತಂತ್ರ್ಯವಿಲ್ಲ. ಅದು ಬೇಗ ಇಳಿದುಬಿಟ್ಟರೆ ಎತ್ತರದ ಹೊಲಗಳಿಗೆ ನೀರು ಏರುವುದಿಲ್ಲ. ಇಳಿಯದೆ ಇದ್ದರೆ ನೀರು ಮುಂದೆ ಹರಿಯುವುದಿಲ್ಲ. ಆದ್ದರಿಂದ ಎಂಜಿನಿಯರನು ಮಟ್ಟ ನೋಡುತ್ತ, ಗುಡ್ಡ ಅಡ್ಡ ಬಂದಲ್ಲಿ ಅದರ ಬುಡವನ್ನು ಬಳಸುತ್ತ, ಎಷ್ಟು ಸಾಧ್ಯವೋ ಅಷ್ಟು ಕಡಿಮೆ ಇಳಿಜಾರಿನಲ್ಲಿ ನೀರನ್ನು ಕರೆದೊಯ್ಯುತ್ತಾನೆ. ಹೀಗಾಗಿ ಮುಂದೆ ಮುಂದೆ ಹೋದಂತೆ ನದಿ ಕೆಳಗೆ ಉಳಿದು, ಕಾಲುವೆ ನೆಲದ ಹೆಗಲ ಮೇಲೆ ಸಾಗುತ್ತದೆ. ಇವೆರಡರ ನಡುವಿನ ನೆಲವೇ ಅದರ ಅಚ್ಚುಕಟ್ಟು. ಅಜ್ಜಿಗೂ ಮೊಮ್ಮಗುವಿಗೂ ಅನುಕೂಲವಾದ ಈ ಸಮತಟ್ಟು ಹಾದಿ, ವಾಸ್ತವವಾಗಿ, ನೀರಿಗಾಗಿ ಮಾಡಿದ ಒಂದು ಲೆಕ್ಕ.

ಈ ಲೆಕ್ಕ ಪುಣೆಗೆ ಹೊಸದಲ್ಲ. 18ನೆಯ ಶತಮಾನದ ಮಧ್ಯಭಾಗದಲ್ಲಿ ನಾನಾಸಾಹೇಬ ಪೇಶವೆಯವರು ಕಾತ್ರಜದಲ್ಲಿ ಕೆರೆ ಕಟ್ಟಿಸಿ, ಅಲ್ಲಿಂದ ನೆಲದೊಳಗಿನ ಕಟ್ಟಡದ ಕಾಲುವೆಯ ಮೂಲಕ ಶನಿವಾರವಾಡೆಯವರೆಗೆ ನೀರು ತಂದರು. ಪಂಪಿಲ್ಲ, ಯಂತ್ರವಿಲ್ಲ, ಇಳಿಜಾರಿನ ಬಲವೊಂದೇ. ದಾರಿಯಲ್ಲಿ ಪೇಠೆಗಳ ಜನರಿಗಾಗಿ ಹೌದಗಳನ್ನು ಕಟ್ಟಿದರು. ಆದರೆ ಅದು ಊರಿನ ಬಾಯಾರಿಕೆ ತಣಿಸುವ ನೀರು, ಹೊಲದ ನೀರಲ್ಲ.

ಹೊಲಕ್ಕೂ ಊರಿಗೂ ಕೂಡಿಯೇ ನೀರು ಕೊಡುವ ಯೋಜನೆ ಬಂದದ್ದು ನೂರು ವರ್ಷಗಳ ನಂತರ. ಪುಣೆಯ ಪೂರ್ವಕ್ಕೆ ಹೋದಂತೆ ಮಳೆ ಬೇಗಬೇಗ ಕಡಿಮೆಯಾಗುತ್ತದೆ. ಸಹ್ಯಾದ್ರಿಯ ನೆತ್ತಿಯಲ್ಲಿ ಸುರಿಯುವ ಮಳೆಯ ಚಿಕ್ಕದೊಂದು ಪಾಲೂ ದೌಂಡ, ಇಂದಾಪುರಗಳ ಕಡೆಗೆ ಸಿಕ್ಕುವುದಿಲ್ಲ. ಮೇಲೆ ಬಿದ್ದ ನೀರನ್ನು ಹಿಡಿದಿಟ್ಟು ಕೆಳಗಿನ ಬರದ ನಾಡಿಗೆ ಒಯ್ಯಬೇಕೆಂದು ಕರ್ನಲ್ ಫೈಫ್ ಎಂಬ ಮಿಲಿಟರಿ ಎಂಜಿನಿಯರರು 1860ರ ದಶಕದಲ್ಲಿ ಅಳತೆ ಮಾಡಿದರು. ಊರಿನ ನೈಋತ್ಯಕ್ಕೆ ಖಡಕವಾಸಲಾದಲ್ಲಿ ಮುಠಾ ನದಿಗೆ ಕಲ್ಲಿನ ಅಣೆಕಟ್ಟು ಎದ್ದಿತು. 1876–78ರ ಮಹಾಕ್ಷಾಮ ದಖ್ಖನವನ್ನು ಸುಟ್ಟುಹಾಕಿದ ಬೆನ್ನಿಗೇ, 1879ರಲ್ಲಿ ಅದು ಪೂರ್ಣವಾಯಿತು. ಅದರ ಹಿಂದೆ ನಿಂತ ನೀರಿಗೆ ‘ಲೇಕ್ ಫೈಫ್’ ಎಂದೇ ಹೆಸರಾಯಿತು. ಅಲ್ಲಿಂದ ಹೊರಟ ಬಲದಂಡೆ ಕಾಲುವೆ ಪಾಟಸದವರೆಗೆ ಸುಮಾರು 112 ಕಿ.ಮೀ. ಉದ್ದವಿತ್ತು. ಪುಣೆ ನಗರಕ್ಕೂ ದಂಡು ಪ್ರದೇಶಕ್ಕೂ ಕುಡಿಯುವ ನೀರು ಇದರಿಂದಲೇ ಬಂದಿತು. ಸಣ್ಣದಾದ ಎಡದಂಡೆ ಕಾಲುವೆ ಈಗ ಊರಿನೊಳಗೆ ಬಹುಮಟ್ಟಿಗೆ ಕಾಣೆಯಾಗಿದೆ. ಪ್ರಭಾತ ರಸ್ತೆಯ ಕಡೆ ‘ಕೆನಾಲ ರೋಡ’ ಎಂಬ ಹೆಸರು ಮಾತ್ರ ಉಳಿದಿದೆ.

ಇಲ್ಲಿ ಇನ್ನೊಬ್ಬ ಹಿರಿಯರನ್ನು ನೆನೆಯಬೇಕು. ಮಹಾತ್ಮಾ ಜ್ಯೋತಿಬಾ ಫುಲೆಯವರು ಸಮಾಜ ಸುಧಾರಕರೆಂದು ನಾವೆಲ್ಲ ಬಲ್ಲೆವು. ಅವರು ಗುತ್ತಿಗೆದಾರರೂ ಆಗಿದ್ದರು. 1870ರ ದಶಕದಲ್ಲಿ ಪುಣೆಯ ಬಳಿಯ ಅಣೆಕಟ್ಟಿನ ಕೆಲಸಕ್ಕೆ ಸಾಮಗ್ರಿ ಒದಗಿಸಿದರು. ಹಡಪಸರದ ಆಚೆ ಮಾಂಜರಿಯಲ್ಲಿ ಅವರಿಗೆ 60 ಎಕರೆ ಜಮೀನಿತ್ತು. ರೈತನ ದುಃಖವನ್ನು ಕುರಿತು ಬರೆದ ‘ಶೇತಕರ್‍ಯಾಚಾ ಅಸೂಡ’ ಗ್ರಂಥದಲ್ಲಿ ಮಳೆಯ ನೀರನ್ನು ಒಡ್ಡು, ಕೆರೆಗಳಲ್ಲಿ ನಿಲ್ಲಿಸಬೇಕೆಂದು ಅವರು ಒತ್ತಿ ಹೇಳಿದರು. ಅಣೆಕಟ್ಟಿನ ಕೆಲಸವನ್ನೂ ಬೇಸಾಯವನ್ನೂ ಹತ್ತಿರದಿಂದ ಕಂಡವರ ಮಾತು ಅದು.

ಇನ್ನು ನಮ್ಮವರ ಮಾತು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರು ಬಂದರೆ ನಮ್ಮ ಮಕ್ಕಳು ಕನ್ನಂಬಾಡಿ ಎನ್ನುತ್ತಾರೆ. ಆದರೆ ಕನ್ನಂಬಾಡಿಯ ಮೊದಲ ಪಾಠಗಳು ಪುಣೆಯಲ್ಲಿ ನಡೆದವು. ಮೈಸೂರು ಸರಕಾರದ ಸಹಾಯದಿಂದ ಇಲ್ಲಿನ ವಿಜ್ಞಾನ ಕಾಲೇಜಿನಲ್ಲಿ, ಅಂದರೆ ಸಂಗಮದ ಬಳಿ ಇರುವ, ಮುಂದೆ ಎಂಜಿನಿಯರಿಂಗ್ ಕಾಲೇಜೆಂದು ಹೆಸರಾದ ಸಂಸ್ಥೆಯಲ್ಲಿ, ಅವರು ಓದಿದರು. 1883ರ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾಗಿ, ಮರುವರ್ಷ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆ ಸೇರಿದರು. ಶತಮಾನದ ಕೊನೆಯಲ್ಲಿ ಪುಣೆ ಜಿಲ್ಲೆಯ ನೀರಾವರಿಯ ಹೊಣೆ ಅವರ ಮೇಲೆ ಬಂದಿತು.

ಆಗ ಅವರ ಎದುರಿಗಿದ್ದ ಸಮಸ್ಯೆಗಳು ಎರಡು. ಮೊದಲನೆಯದು, ಮಳೆಗಾಲದಲ್ಲಿ ಖಡಕವಾಸಲಾದ ಕೆರೆ ತುಂಬಿ, ಕೋಡಿಯ ಮೇಲೆ ಹಲವು ಅಡಿ ಎತ್ತರ ನೀರು ಹರಿದು ವ್ಯರ್ಥವಾಗುತ್ತಿತ್ತು. ಕೋಡಿಯನ್ನು ಕಟ್ಟಿ ಎತ್ತರಿಸಿದರೆ ನೆರೆ ಬಂದಾಗ ಅಣೆಕಟ್ಟಿಗೇ ಅಪಾಯ. ಆಗ ಅವರು ಸ್ವಯಂಚಾಲಿತ ಬಾಗಿಲುಗಳನ್ನು ರೂಪಿಸಿದರು. ನೀರು ಗೊತ್ತಾದ ಮಟ್ಟಕ್ಕೆ ಏರುವವರೆಗೆ ಬಾಗಿಲು ಮುಚ್ಚಿಯೇ ಇರುತ್ತದೆ. ಅದನ್ನು ಮೀರಿದರೆ ನೀರಿನ ಬಲದಿಂದಲೇ ತೆರೆದುಕೊಳ್ಳುತ್ತದೆ. ನೀರು ಇಳಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ನಡುರಾತ್ರಿ ನೆರೆ ಬಂದರೂ ಕಾವಲುಗಾರನನ್ನು ಎಬ್ಬಿಸಬೇಕಾದ ಕಾರಣವಿಲ್ಲ. 1903ರಲ್ಲಿ ಅಳವಡಿಸಿದ ಈ ಬಾಗಿಲುಗಳಿಂದ ಕೆರೆಯ ಮಟ್ಟ ಸುಮಾರು 8 ಅಡಿ ಏರಿತು, ಸಂಗ್ರಹ ಸುಮಾರು ಕಾಲು ಭಾಗ ಹೆಚ್ಚಿತು. ಅಣೆಕಟ್ಟಿನ ಗೋಡೆಯನ್ನು ಎತ್ತರಿಸದೆ ಪಡೆದ ಲಾಭ ಇದು. ಬಾಗಿಲಿಗೆ ಪೇಟೆಂಟು ಪಡೆದರೂ, ತಾವು ಸರಕಾರಿ ನೌಕರರಾದ್ದರಿಂದ ಅದರ ರಾಯಲ್ಟಿಯನ್ನು ಅವರು ಮುಟ್ಟಲಿಲ್ಲ. ಇದೇ ಬಗೆಯ ಬಾಗಿಲುಗಳು ಮುಂದೆ ಗ್ವಾಲಿಯರದ ತಿಗರಾ ಅಣೆಕಟ್ಟಿಗೂ ನಮ್ಮ ಕೃಷ್ಣರಾಜ ಸಾಗರಕ್ಕೂ ಹೋದವು.

ಎರಡನೆಯ ಸಮಸ್ಯೆ ಯಂತ್ರದ್ದಲ್ಲ, ಮನುಷ್ಯರದು. ಕಾಲುವೆಯ ತಲೆಯಲ್ಲಿ ಹೊಲವಿದ್ದವನು ಬೇಕಾದಷ್ಟು ನೀರು ಹಾಯಿಸಿ ಕಬ್ಬು ಬೆಳೆಯುತ್ತಾನೆ. ಅವನ ನೆಲ ಜವುಗಾಗುತ್ತದೆ. ಕೊನೆಯಂಚಿನ ರೈತನ ನೆಲ ಬಿರುಕು ಬಿಡುತ್ತದೆ. ಇದಕ್ಕೆ 1899ರಲ್ಲಿ ವಿಶ್ವೇಶ್ವರಯ್ಯನವರು ಸೂಚಿಸಿದ್ದೇ ‘ಬ್ಲಾಕ್ ಪದ್ಧತಿ’. ಭೂಮಿಯನ್ನು ಬ್ಲಾಕುಗಳಾಗಿ ವಿಂಗಡಿಸುವುದು, ಬ್ಲಾಕಿನೊಳಗೆ ಕಬ್ಬಿಗೆ ಒಂದು ಪಾಲು ಮಾತ್ರ ಕೊಟ್ಟು ಉಳಿದುದರಲ್ಲಿ ಕಡಿಮೆ ನೀರಿನ ಪೈರುಗಳನ್ನು ಸರದಿಯಂತೆ ಬೆಳೆಯುವುದು, ಇಷ್ಟು ವರ್ಷ ಇಷ್ಟು ನೀರು ಎಂಬ ಭರವಸೆ ಕೊಡುವುದು ಅದರ ತಿರುಳು. ನೀರಾ ಕಾಲುವೆಯ ಮೇಲೆ ಪ್ರಯೋಗವಾದ ಈ ವಿಚಾರವನ್ನು ಅವರು ಮುಂದೆ ಮಂಡ್ಯದ ಬಯಲಿಗೂ ಒಯ್ದರು. ಮಂಡ್ಯದ ಹಸಿರಿನ ಹಿಂದೆ ಪುಣೆ ಜಿಲ್ಲೆಯ ರೈತರ ಕಷ್ಟವೂ ಇದೆ ಎಂಬುದನ್ನು ನಾವು ಮರೆಯಬಾರದು.

ನೀರನ್ನು ಕಟ್ಟಿಹಾಕಿದ್ದೇವೆಂಬ ಹಮ್ಮು ಮಾತ್ರ ಯಾರಿಗೂ ಸಲ್ಲದು. 1961ರ ಜುಲೈ 12ರಂದು ಅಂಬಿ ನದಿಗೆ ಕಟ್ಟುತ್ತಿದ್ದ ಪಾನಶೇತ ಅಣೆಕಟ್ಟು ಒಡೆಯಿತು. ಆ ನೀರಿನ ರಭಸಕ್ಕೆ ಕೆಳಗಿನ ಖಡಕವಾಸಲಾ ಅಣೆಕಟ್ಟೂ ಬಿರಿಯಿತು. ನದೀತೀರದ ಪೇಠೆಗಳು ಮುಳುಗಿದವು. ಮಧ್ಯಾಹ್ನ ಊರು ಜಲಮಯ. ಮರುದಿನ ಕುಡಿಯಲು ನೀರಿಲ್ಲ, ಏಕೆಂದರೆ ಕೆರೆಯೇ ಬರಿದಾಗಿತ್ತು. ಎರಡೂ ಅಣೆಕಟ್ಟುಗಳನ್ನು ಬಳಿಕ ಮತ್ತೆ ಕಟ್ಟಲಾಯಿತು. ಇಂದು ಖಡಕವಾಸಲಾದಲ್ಲಿ ಕಾಣುವ ಬಾಗಿಲುಗಳು 1903ರವಲ್ಲ. ಕಾಲುವೆಯೂ ಎಚ್ಚರಿಕೆ ಕೊಟ್ಟಿದೆ. 2018ರ ಸಪ್ಟೆಂಬರ 27ರಂದು ಪರ್ವತಿಯ ಬಳಿ ಅದರ ದಂಡೆ ಒಡೆದು, ದಾಂಡೇಕರ ಪೂಲಿನ ಸುತ್ತಲಿನ ಬಡವರ ಮನೆಗಳಿಗೆ ನೀರು ನುಗ್ಗಿತು.

ಈಗ ಪಾನಶೇತ, ವರಸಗಾಂವ, ಟೇಮಘರ, ಖಡಕವಾಸಲಾ ನಾಲ್ಕೂ ಸೇರಿ ಸುಮಾರು 29 ಟಿ.ಎಂ.ಸಿ. ನೀರು ಹಿಡಿಯುತ್ತವೆ. ಇದರಲ್ಲಿ ಖಡಕವಾಸಲಾದ ಪಾಲು 2 ಟಿ.ಎಂ.ಸಿ.ಯಷ್ಟು ಮಾತ್ರ, ಆದರೂ ಮೇಲಿನ ಮೂರರ ನೀರೂ ಈ ಹಳೆಯ ಕೆರೆಗೇ ಇಳಿದು ಬರಬೇಕು. ಇಂದಾಪುರದವರೆಗೆ ಬೆಳೆದ ಹೊಸ ಬಲದಂಡೆ ಕಾಲುವೆಯ ಉದ್ದ ಸುಮಾರು 202 ಕಿ.ಮೀ. ಹಿಗ್ಗುತ್ತಿರುವ ನಗರಕ್ಕೆ ಎಷ್ಟು, ಕೊನೆಯಂಚಿನ ರೈತರಿಗೆ ಎಷ್ಟು ಎಂಬ ಜಗಳ ಪ್ರತಿ ಬೇಸಿಗೆಯಲ್ಲೂ ಏಳುತ್ತದೆ. 1899ರ ಪ್ರಶ್ನೆಯೇ ಇದು. ಕಾಲುವೆಯ ತಲೆಯಲ್ಲಿ ಕುಳಿತವರು ಮಾತ್ರ ಬದಲಾಗಿದ್ದಾರೆ. ಅಂದು ಕಬ್ಬು ಬೆಳೆಯುವವರು, ಇಂದು ನಲ್ಲಿ ತಿರುಗಿಸುವ ನಾವು.

ನದಿಯ ಮಾತನ್ನೂ ಒಂದಿಷ್ಟು ಆಡಬೇಕು. ಕಾಲುವೆಗೆ ಹೋಗದೆ ಉಳಿದ ನೀರು ಸಂಗಮದಲ್ಲಿ ಮುಳೆಯನ್ನು ಕೂಡಿ, ಬಂಡ್ ಗಾರ್ಡನ್ ದಾಟಿ, ಭೀಮೆಯನ್ನು ಸೇರುತ್ತದೆ. ಭೀಮೆ ಉಜನಿಯ ಜಲಾಶಯವನ್ನೂ ಪಂಢರಪುರವನ್ನೂ ಹಾಯ್ದು ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಬರುತ್ತದೆ. ಗಾಣಗಾಪುರ, ಸನ್ನತಿಗಳ ಬದಿಯಲ್ಲಿ ಹರಿದು ಕೊನೆಗೆ ರಾಯಚೂರಿನ ಕಡೆ ಕೃಷ್ಣೆಯನ್ನು ಕೂಡುತ್ತದೆ. ಪುಣೆಯಲ್ಲಿ ನಾವು ನದಿಗೆ ಎಸೆಯುವ ಕಸವೂ ಆ ದಿಕ್ಕಿಗೇ ಹೊರಡುತ್ತದೆ. ತವರೂರು ಭೀಮಾತೀರದಲ್ಲಿರುವವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಇಷ್ಟೆಲ್ಲ ಈಗಲೇ ಬರೆಯಲು ಕಾರಣವಿದೆ. ಖಡಕವಾಸಲಾದಿಂದ ಫುರಸುಂಗಿಯವರೆಗೆ ಕಾಲುವೆಯ ನೀರನ್ನು ಸುರಂಗದಲ್ಲಿ ಒಯ್ಯುವ ಯೋಜನೆಗೆ ರಾಜ್ಯ ಸರಕಾರ ಒಪ್ಪಿಗೆ ಕೊಟ್ಟಿದೆ. ಸೋರಿಕೆ ನಿಲ್ಲುತ್ತದೆ, ಆವಿಯಾಗುವ ನೀರು ಉಳಿಯುತ್ತದೆ; ಉಳಿದ ನೀರು ಕೊನೆಯಂಚಿನ ಹೊಲ ತಲುಪಿದರೆ ಯಾರೂ ಬೇಡವೆನ್ನಲಾರರು. ವಿಶ್ವೇಶ್ವರಯ್ಯನವರೂ ವ್ಯರ್ಥವಾಗುವ ನೀರನ್ನು ಉಳಿಸಲೆಂದೇ ದುಡಿದವರು. ಆದರೆ ನೀರು ನೆಲದೊಳಕ್ಕೆ ಇಳಿದ ಮೇಲೆ ಈ ಪಟ್ಟಿಯಷ್ಟಗಲದ ನೆಲದ ಗತಿಯೇನು? ಹಿಂಗಣೆ, ಪರ್ವತಿಯ ಬುಡ, ಸ್ವಾರಗೇಟ, ಎಂಪ್ರೆಸ್ ಗಾರ್ಡನ್ ದಾಟಿ ಹಡಪಸರದವರೆಗೆ ಊರನ್ನು ಸೀಳಿ ಹೋಗುವ ಇಂಥ ಸಮತಟ್ಟಾದ ಜಾಗ ಇನ್ನೊಂದಿಲ್ಲ. ಅದು ಮೋಟಾರು ರಸ್ತೆಯಾದರೆ ಕೆಲವು ನಿಮಿಷಗಳು ಉಳಿದಾವು. ಮರಗಳ ನೆರಳಿನ ಕಾಲುಹಾದಿಯಾಗಿ ಉಳಿದರೆ ಅಜ್ಜಿ-ಮೊಮ್ಮಕ್ಕಳು ಕೂಡಿ ನಡೆಯುವ ಒಂದು ದಾರಿ ಉಳಿದೀತು. ನೀರು ರೈತನಿಗೆ, ದಂಡೆ ನಡೆಯುವವರಿಗೆ ಸಲ್ಲಲಿ ಎಂಬುದು ನನ್ನ ಅಭಿಪ್ರಾಯ.

ನಡೆಯಲು ದೀಪಾವಳಿಯ ನಂತರದ ಬೆಳಗು ಒಳ್ಳೆಯದು. ಪಟ್ಟಣದೊಳಗೆ ಕೆಲವೆಡೆ ದಂಡೆ ಕೊಳಕಾಗಿದೆ. ಲೋಣಿಯ ಕಡೆಯ ಬಯಲು ಹೆಚ್ಚು ಹಿತ. ನೀರು ಬಿಟ್ಟಾಗ ಕಾಲುವೆ ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತವಿರುತ್ತದೆ, ಬದಿ ಜಾರುತ್ತದೆ. ಮಕ್ಕಳ ಕೈ ಬಿಡಬಾರದು. ತೂಬು ಕಂಡಲ್ಲಿ ನಿಂತು, ಈ ನೀರು ಯಾವ ಕಡೆ ಹೋಗುತ್ತದೆ, ಯಾರ ಪಾಲಿನದು ಎಂದು ಅವರನ್ನೇ ಕೇಳಬೇಕು.

ಪ್ರತಿ ಸಪ್ಟೆಂಬರ 15ರಂದು ನಾವು ವಿಶ್ವೇಶ್ವರಯ್ಯನವರ ಚಿತ್ರಕ್ಕೆ ಹಾರ ಹಾಕಿ ಭಾಷಣ ಕೇಳುತ್ತೇವೆ. ಅದು ನಡೆಯಲಿ. ಜೊತೆಗೆ, ಮಳೆ ನಿಂತ ಒಂದು ರವಿವಾರ, ಸಂಘದ ಸಂಸಾರಗಳು ಬುತ್ತಿ ಕಟ್ಟಿಕೊಂಡು ಖಡಕವಾಸಲಾ ಕೆರೆಯ ದಡಕ್ಕೆ ಹೋಗಿ, ಅಲ್ಲಿಂದ ಕಾಲುವೆಗುಂಟ ಎರಡು ಮೈಲಿ ನಡೆದು ಬರಲಿ. ಕಾರ್ಯಕಾರಿ ಸಮಿತಿಯವರು ಇದನ್ನು ಮುಂದಿನ ಸಭೆಯಲ್ಲಿ ಯೋಚಿಸಬೇಕೆಂದು ವಿನಂತಿ.