ಇಂಚಿಗೆ ಎಷ್ಟು ಕೂಲಂಬ್? ತಂತಿಯ ಆವೇಶ ಮತ್ತು ಎರಡು ಅಳತೆಗಳ ಚರಿತ್ರೆ

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಲ್ಲಿ ಹೊಲದ ಮಾತು ಬಂದರೆ ಲೆಕ್ಕ ಇಂದಿಗೂ ಎಕರೆ-ಗುಂಟೆಯಲ್ಲೇ. ಪಹಣಿಯಲ್ಲೂ ಹಾಗೆಯೇ. 33 ಅಡಿ ಉದ್ದ, 33 ಅಡಿ ಅಗಲದ ತುಂಡು ಒಂದು ಗುಂಟೆ. ಅಂಥ 40 ಸೇರಿದರೆ ಎಕರೆ. ಪಂಪ್‌ಸೆಟ್ಟಿನ ಮೋಟರಿಗೆ ಎಚ್‌ಪಿ, ಪೈಪಿಗೆ ಇಂಚು. ಹೊಲದ ಮೇಲೆ ಹಾದುಹೋಗುವ ಕರೆಂಟಿನ ಲೈನು ಮಾತ್ರ ಕಿಲೊಮೀಟರಿನದು. ಬ್ರಿಟಿಷ್ ಅಳತೆಯೂ ಮೆಟ್ರಿಕ್ ಅಳತೆಯೂ ಹೀಗೆ ಒಂದೇ ಬದುವಿನ ಮೇಲೆ ಕೂಡುವ ಸೀಮೆಯಲ್ಲಿ, ಪಿಯುಸಿ ಭೌತಶಾಸ್ತ್ರದ ರೇಖೀಯ ಆವೇಶ ಸಾಂದ್ರತೆಗೆ ಜೀವಂತ ಉದಾಹರಣೆ ಬೇಕೆಂದರೆ ತಲೆಯೆತ್ತಿ ತಂತಿ ನೋಡಿದರೆ ಸಾಕು.

ತಂತಿಯ ಒಂದು ಮೀಟರ್ ಉದ್ದದ ಮೇಲೆ ಎಷ್ಟು ಕೂಲಂಬ್ ಆವೇಶ ಇದೆ ಎಂಬುದೇ ಈ ಸಾಂದ್ರತೆ. ಇದರ ಚರಿತ್ರೆಯಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಬ್ರಿಟಿಷ್ ಪದ್ಧತಿಗೆ ಅಡಿ, ಪೌಂಡು, ಗ್ಯಾಲನ್ ಎಲ್ಲ ಇದ್ದರೂ ವಿದ್ಯುದಾವೇಶಕ್ಕೆ ಸ್ವಂತ ಮಾನ ಬಳಕೆಗೆ ಬರಲೇ ಇಲ್ಲ. ಆವೇಶಗಳ ನಡುವಿನ ಬಲವನ್ನು ವಿಜ್ಞಾನಿ ಕೂಲಂಬ್ ಅಳೆದದ್ದು 1785ರಲ್ಲಿ. ವಿದ್ಯುತ್ತಿನ ಮಾನಗಳನ್ನು ಗೊತ್ತುಪಡಿಸಲು ಬ್ರಿಟಿಷ್ ಅಸೋಸಿಯೇಷನ್ ಎಂಬ ವಿಜ್ಞಾನ ಸಂಸ್ಥೆ ಒಂದು ಸಮಿತಿಯನ್ನು ನೇಮಿಸಿದ್ದು 1861ರಲ್ಲಿ. ಆ ಸಂಸ್ಥೆ 1873ರಲ್ಲಿ ಒಪ್ಪಿದ್ದು ಸೆಂಟಿಮೀಟರ್-ಗ್ರಾಂ-ಸೆಕೆಂಡ್ ಪದ್ಧತಿಯನ್ನು. 1881ರ ಪ್ಯಾರಿಸ್ ಸಮ್ಮೇಳನ ಆವೇಶದ ಮಾನಕ್ಕೆ ಕೂಲಂಬ್ ಎಂದು ಹೆಸರಿಟ್ಟಿತು. ಇಂಚು ಬಳಸುವ ಎಂಜಿನಿಯರೂ ಕೂಲಂಬನ್ನೇ ಬರೆಯಬೇಕಾಯಿತು. ಹಾಗಾಗಿ ಇಲ್ಲಿ ಬದಲಿಸಬೇಕಾದದ್ದು ಉದ್ದವನ್ನು ಮಾತ್ರ.

ಆ ಉದ್ದವೂ ಬಹುಕಾಲ ಗಟ್ಟಿಯಾಗಿರಲಿಲ್ಲ. ಅಮೆರಿಕದ ಇಂಚು 25.4 ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು, ಬ್ರಿಟನ್ನಿನದು ಕೂದಲೆಳೆಯಷ್ಟು ಕಡಿಮೆ ಇತ್ತು. 1959ರಲ್ಲಿ ಇಂಗ್ಲಿಷ್ ಮಾತಾಡುವ ಆರು ದೇಶಗಳು ಕೂಡಿ ಸರಿಯಾಗಿ 25.4 ಎಂದು ನಿಗದಿ ಮಾಡಿದವು. ಇಂಚಿಗೆ ಇಷ್ಟು ಕೂಲಂಬ್ ಎಂದಿದ್ದರೆ 0.0254ರಿಂದ ಭಾಗಿಸಬೇಕು, ಅಂದರೆ ಸುಮಾರು 39.37ರಿಂದ ಗುಣಿಸಬೇಕು, ಮೀಟರಿನ ಲೆಕ್ಕ ಬರುತ್ತದೆ. ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಇಂಚಿನಿಂದ ಮೀಟರಿಗೆ ಹೋಗಲು 0.0254ರಿಂದ ಗುಣಿಸಿದ ಅಭ್ಯಾಸ, ಛೇದದಲ್ಲಿ ಉದ್ದ ಕೂತಾಗ ತಿರುವುಮುರುವಾಗುತ್ತದೆ.

ಕರ್ನಾಟಕದ ವಿದ್ಯುತ್ ಚರಿತ್ರೆ ಶುರುವಾದದ್ದೇ ಮೈಲಿನಲ್ಲಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಎಳೆದ ಲೈನು ಸುಮಾರು 92 ಮೈಲಿ. ರಾಯಚೂರು ಆಗ ನಿಜಾಮರ ಸೀಮೆ. ಅದು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅದೇ ಡಿಸೆಂಬರಿನಲ್ಲಿ ದೇಶಕ್ಕೆ ಮೆಟ್ರಿಕ್ ಅಳತೆಯ ಕಾಯ್ದೆ ಬಂತು. ಹೊಸ ರಾಜ್ಯವೂ ಹೊಸ ಅಳತೆಯ ಕಾಯ್ದೆಯೂ ಈ ಜಿಲ್ಲೆಗೆ ಎರಡು ತಿಂಗಳೊಳಗೆ ದಕ್ಕಿದವು.

ಹಳೆಯ ಗುರುತು ತಂತಿಯ ಹೆಸರಿನಲ್ಲಿ ಉಳಿದಿದೆ. ಹಳ್ಳಿಗಳ 11 ಕಿಲೊವೋಲ್ಟ್ ಲೈನಿಗೆ ಹಾಕುವ ಅಲ್ಯೂಮಿನಿಯಂ ತಂತಿಯನ್ನು ಸಿಬ್ಬಂದಿ ಕರೆಯುವುದು ರ್‍ಯಾಬಿಟ್, ವೀಸಲ್ ಎಂದೇ. ಇವು ಬ್ರಿಟಿಷರ ಕಾಲದ ಸಂಕೇತನಾಮಗಳು. ಆಗ ತಂತಿಯ ಗಾತ್ರ ಹೇಳುತ್ತಿದ್ದದ್ದು ಚದರ ಇಂಚಿನಲ್ಲಿ. ಇಂದಿನ ರ್‍ಯಾಬಿಟ್ ತಂತಿಯ ವ್ಯಾಸ ಸುಮಾರು 10 ಮಿಲಿಮೀಟರ್. ತಂತಿಗಳ ನಡುವೆ ಸರಾಸರಿ ಒಂದು ಮೀಟರ್ ಅಂತರ ಹಿಡಿದರೆ, ವೋಲ್ಟೇಜು ಗರಿಷ್ಠಕ್ಕೆ ಏರಿದ ಕ್ಷಣ ಪ್ರತಿ ಮೀಟರಿನ ಮೇಲೆ ಸುಮಾರು 94 ನ್ಯಾನೊಕೂಲಂಬ್. ಇಂಚಿಗೆ 2.4, ಅಡಿಗೆ 29. ಹಳೆಯ ಭೌತಶಾಸ್ತ್ರದ ಪುಸ್ತಕಗಳ, ಸೆಂಟಿಮೀಟರ್-ಗ್ರಾಂ-ಸೆಕೆಂಡ್ ಪದ್ಧತಿಯ ಸ್ಟ್ಯಾಟ್‌ಕೂಲಂಬಿನಲ್ಲಿ ಹೇಳಿದರೆ ಸೆಂಟಿಮೀಟರಿಗೆ 2.8. ನಿಜವಾದ ತೊಡಕು ಈ ಕೊನೆಯದರಲ್ಲಿದೆ. ಇಲ್ಲಿ ಉದ್ದದ ಜೊತೆಗೆ ಆವೇಶದ ಮಾನವೇ ಬೇರೆ, ಪರಿವರ್ತನೆಯ ಅಂಕಿಯೊಳಗೆ ಬೆಳಕಿನ ವೇಗ ಅಡಗಿದೆ. ಮೆಟ್ರಿಕ್ ಎಂಬ ಒಂದೇ ಹೆಸರಿನ ಕೆಳಗೆ ಎರಡು ಸಂಪ್ರದಾಯಗಳಿದ್ದವು ಎಂಬುದನ್ನು ಪಠ್ಯಪುಸ್ತಕಗಳು ಇನ್ನಷ್ಟು ಬಿಡಿಸಿ ಹೇಳಬೇಕು.

ಲೆಕ್ಕ ತಪ್ಪಿದರೆ ಆಗುವುದೇನು? ತಂತಿಯ ಮೈಮೇಲಿನ ವಿದ್ಯುತ್ ಕ್ಷೇತ್ರ ಈ ಸಾಂದ್ರತೆಯಿಂದಲೇ ಸಿಗುತ್ತದೆ. ರ್‍ಯಾಬಿಟ್ ತಂತಿಗೆ ಅದು ಸೆಂಟಿಮೀಟರಿಗೆ ಮೂರೂವರೆ ಕಿಲೊವೋಲ್ಟಿನ ಆಸುಪಾಸು. ಗಾಳಿ ಸೋಲುವುದು ಸುಮಾರು 30ಕ್ಕೆ, ಇಂಚಿನ ಲೆಕ್ಕದಲ್ಲಿ 76ಕ್ಕೆ. ಆವೇಶವನ್ನು ಇಂಚಿಗೆ, ತ್ರಿಜ್ಯವನ್ನು ಮೀಟರಿನಲ್ಲಿ ಹಾಕಿದವನ ಉತ್ತರ 39 ಪಟ್ಟು ಕೆಳಗಿಳಿಯುತ್ತದೆ. ಅಪಾಯದ ತಂತಿಯೂ ಕಾಗದದ ಮೇಲೆ ತಣ್ಣಗೆ ಕಾಣುತ್ತದೆ.

ರಾಯಚೂರು-ಸೋಲಾಪುರ 765 ಕಿಲೊವೋಲ್ಟ್ ಲೈನಿನಲ್ಲಿ ಇಂಥ ತಪ್ಪಿಗೆ ಎಡೆಯಿಲ್ಲ. 2013ರ ಡಿಸೆಂಬರ್ 31ರಂದು ದಕ್ಷಿಣದ ಗ್ರಿಡ್ಡನ್ನು ದೇಶದ ಉಳಿದ ಗ್ರಿಡ್ಡಿಗೆ ಒಂದೇ ಆವರ್ತನದಲ್ಲಿ ಜೋಡಿಸಿದ್ದು ಇದೇ. ಇಂಥ ಲೈನಿನ ಪ್ರತಿ ಫೇಸಿನ ಮೀಟರಿಗೆ ಗರಿಷ್ಠ ಸುಮಾರು 8 ಮೈಕ್ರೊಕೂಲಂಬ್, ಇಂಚಿಗೆ 0.2. ಮೂರೂವರೆ ಸೆಂಟಿಮೀಟರ್ ದಪ್ಪದ ಒಂಟಿ ತಂತಿಯನ್ನು, ಫೇಸುಗಳ ನಡುವೆ 15 ಮೀಟರ್ ಬಿಟ್ಟು ಕಟ್ಟಿದ್ದರೆ ಅದರ ಮೈಮೇಲಿನ ಕ್ಷೇತ್ರ ಸೆಂಟಿಮೀಟರಿಗೆ 50 ಕಿಲೊವೋಲ್ಟ್ ಮುಟ್ಟಿ ಸುತ್ತಲ ಗಾಳಿಯಲ್ಲಿ ಕರೋನಾ ಎಂಬ ವಿದ್ಯುತ್ ವಿಸರ್ಜನೆ ಹೊತ್ತಿಕೊಳ್ಳುತ್ತಿತ್ತು. 765 ಕಿಲೊವೋಲ್ಟಿನಲ್ಲಿ ಒಂದೊಂದು ಫೇಸಿಗೂ ಹಲವು ತಂತಿಗಳ ಕಂತೆ ಕಟ್ಟಿ ಆವೇಶವನ್ನು ಹಂಚುವುದು ಇದಕ್ಕಾಗಿಯೇ.