ಪಾಲಿಯೋಮಾ ವೈರಸ್ಸುಗಳೂ ದುರ್ಬಲಗೊಂಡ ದೇಹರಕ್ಷೆಯೂ: ಒಂದು ಚಾರಿತ್ರಿಕ ವಿವೇಚನೆ

ಪ್ಲೇಗು, ಕಾಲರಾ ಮೊದಲಾದ ಸಾಂಕ್ರಾಮಿಕಗಳ ಚರಿತ್ರೆಯನ್ನು ಬರೆಯಹೊರಟವನು ರೋಗಾಣುವಿನ ಹೆಜ್ಜೆಯನ್ನು ಬಂದರಿನಿಂದ ಬಂದರಿಗೆ, ಊರಿನಿಂದ ಊರಿಗೆ ಅನುಸರಿಸಿ ಹೋಗಬಹುದು. ಬಾಲ್ಯದಲ್ಲಿಯೇ ಬಹುಮಂದಿಯ ದೇಹವನ್ನು ಹೊಕ್ಕು, ಹೇಳಿಕೊಳ್ಳುವಂಥ ಬಾಧೆಯನ್ನೇನೂ ಕೊಡದೆ, ಮೂತ್ರಪಿಂಡಗಳಲ್ಲಿ ಜೀವಮಾನವೆಲ್ಲ ಸುಪ್ತವಾಗಿ ಉಳಿಯುವ ಪಾಲಿಯೋಮಾ ವೈರಸ್ಸುಗಳ ವಿಷಯದಲ್ಲಿ ಈ ಮಾರ್ಗ ಸಾಗದು. ವಯಸ್ಕರಲ್ಲಿ ನೂರಕ್ಕೆ ಸುಮಾರು 80 ಮಂದಿಯ ರಕ್ತದಲ್ಲಿ ಇವುಗಳ ಪೈಕಿ ಬಿಕೆ ವೈರಸ್ಸಿನ, ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಜೆಸಿ ವೈರಸ್ಸಿನ ಪ್ರತಿಕಾಯಗಳು ಕಾಣಸಿಗುತ್ತವೆ; ಆದರೂ ರೋಗಕ್ಕೆ ಗುರಿಯಾಗುವವರು ಅತಿವಿರಳ. ಸೋಂಕಿಗೂ ರೋಗಕ್ಕೂ ನಡುವಣ ಈ ಅಂತರದ ಕಾರಣವನ್ನು ವೈರಸ್ಸಿಗಿಂತ ಮಿಗಿಲಾಗಿ ಅದಕ್ಕೆ ಆಶ್ರಯವಿತ್ತ ದೇಹದಲ್ಲಿಯೇ ಅರಸಬೇಕಾಗಿರುವುದರಿಂದ, ಇವುಗಳ ಚರಿತ್ರೆಯು ಮನುಷ್ಯನ ರೋಗನಿರೋಧಶಕ್ತಿ ಯಾವ ಯಾವ ಕಾಲದಲ್ಲಿ ಯಾವ ಯಾವ ಕಾರಣದಿಂದ ಕುಗ್ಗಿತೆಂಬುದರ ಚರಿತ್ರೆಯೇ ಆಗಿದೆ.

ಈ ವೈರಸ್ ಕುಲದ ಪರಿಚಯವಾದದ್ದು ಇಲಿಗಳಿಂದ. 1953ರಲ್ಲಿ ನ್ಯೂಯಾರ್ಕಿನ ಲುಡ್ವಿಕ್ ಗ್ರಾಸ್ ಅವರು ಇಲಿಗಳ ರಕ್ತಾರ್ಬುದವನ್ನು ಕುರಿತು ಪ್ರಯೋಗ ನಡೆಸುತ್ತಿದ್ದಾಗ, ಸೋಸಿದ ಸಾರವನ್ನು ಚುಚ್ಚಿದ ಕೆಲವು ಮರಿಗಳಲ್ಲಿ ಲಾಲಾಗ್ರಂಥಿಯ ಗೆಡ್ಡೆಗಳು ತಲೆದೋರಿದುವು. ಸಾರಾ ಸ್ಟೂವರ್ಟ್ ಮತ್ತು ಬರ್ನೀಸ್ ಎಡ್ಡಿ ಅವರು ಆ ಕಾರಕವನ್ನು ಅಂಗಾಂಶಕೃಷಿಯಲ್ಲಿ ಬೆಳೆಸಿ, ಅದು ನಾನಾ ಅಂಗಗಳಲ್ಲಿ ಗೆಡ್ಡೆಗಳನ್ನು ಹುಟ್ಟಿಸಬಲ್ಲುದೆಂದು ತೋರಿಸಿ, ಪಾಲಿಯೋಮಾ ಎಂಬ ಹೆಸರನ್ನಿತ್ತರು. ಅಂದಿನ ವಿದ್ವಾಂಸರ ಕುತೂಹಲವೆಲ್ಲ ಅರ್ಬುದದ ಕಡೆಗೆ ಹರಿದಿತ್ತು. ಮನುಷ್ಯನಲ್ಲಿ ಈ ಕುಲದ ವೈರಸ್ಸು ಮಿದುಳನ್ನು ಕೆಡಿಸೀತೆಂಬ ಶಂಕೆಗೆ ಅಲ್ಲಿ ಎಡೆಯಿರಲಿಲ್ಲ.

ಆ ಶಂಕೆಯ ಬೀಜ ಬಿದ್ದದ್ದು ಬೇರೊಂದು ಕ್ಷೇತ್ರದಲ್ಲಿ. 1958ರಲ್ಲಿ ಆಸ್ಟ್ರಮ್, ಮ್ಯಾನ್‌ಕಾಲ್ ಮತ್ತು ರಿಚರ್ಡ್‌ಸನ್ ಅವರು ಮೂವರು ರೋಗಿಗಳ ಮಿದುಳಿನ ಶ್ವೇತದ್ರವ್ಯವು ಅಲ್ಲಲ್ಲಿ ನಶಿಸಿದ್ದುದನ್ನು ವರ್ಣಿಸಿ, ಅದನ್ನು ಒಂದು ಪ್ರತ್ಯೇಕ ರೋಗವೆಂದು ಸ್ಥಾಪಿಸಿದರು. ಪಿಎಂಎಲ್ ಎಂಬ ಸಂಕ್ಷೇಪದಿಂದ ವೈದ್ಯರು ಇಂದು ಕರೆಯುವ ವ್ಯಾಧಿ ಇದೇ. ಆ ಮೂವರಲ್ಲಿ ಇಬ್ಬರು ದೀರ್ಘಕಾಲಿಕ ಲಿಂಫೋಸೈಟ್ ರಕ್ತಾರ್ಬುದದಿಂದ, ಒಬ್ಬರು ಹಾಜ್‌ಕಿನ್ ರೋಗದಿಂದ ಮೊದಲೇ ಪೀಡಿತರಾಗಿದ್ದರೆಂಬ ಸಂಗತಿಯೇ ಮುಂದಿನ ವಿಚಾರಕ್ಕೆಲ್ಲ ಕೀಲಿಕೈಯಾಯಿತು. 1961ರಲ್ಲಿ ರಿಚರ್ಡ್‌ಸನ್ ವೈರಸ್ಸಿನ ಸಾಧ್ಯತೆಯನ್ನು ಸೂಚಿಸಿದರು. 1965ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಜೂ ರೈನ್ ಮತ್ತು ಚೌ ಅವರು, ನರತಂತುಗಳಿಗೆ ಮಯಲಿನ್ ಹೊದಿಕೆಯನ್ನು ಹೆಣೆಯುವ ಜೀವಕೋಶಗಳ ಕೇಂದ್ರದಲ್ಲಿ ಪಾಲಿಯೋಮಾವನ್ನು ಹೋಲುವ ಕಣಗಳು ಕಿಕ್ಕಿರಿದಿರುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಕಂಡರು.

ಕಂಡದ್ದನ್ನು ಬೆಳೆಸಿ ತೋರಿಸಲು ಮತ್ತೆ ಆರು ವರ್ಷ ಹಿಡಿಯಿತು. 1971ರಲ್ಲಿ ಬಿಲ್ಲಿ ಪ್ಯಾಡ್ಜೆಟ್, ಡುವಾರ್ಡ್ ವಾಕರ್ ಮತ್ತು ಸಂಗಡಿಗರು, ಹಾಜ್‌ಕಿನ್ ರೋಗದ ಜೊತೆಗೆ ಪಿಎಂಎಲ್‌ಗೆ ತುತ್ತಾದವನೊಬ್ಬನ ಮಿದುಳಿನಿಂದ ಪಡೆದ ಪದಾರ್ಥವನ್ನು ಮಾನವಭ್ರೂಣದ ಮಿದುಳಿನ ಕೋಶಗಳಲ್ಲಿ ಬೆಳೆಸಿ ಜೆಸಿ ವೈರಸ್ಸನ್ನು ಬೇರ್ಪಡಿಸಿದರು. ಅದೇ ವರ್ಷ, ಲ್ಯಾನ್ಸೆಟ್ ಪತ್ರಿಕೆಯ ಅದೇ ಸಂಚಿಕೆಯಲ್ಲಿ, ಲಂಡನ್ನಿನ ಸಿಲ್ವಿಯಾ ಗಾರ್ಡ್ನರ್ ಮತ್ತು ಸಂಗಡಿಗರು, ಕಸಿಮಾಡಿದ ಮೂತ್ರಪಿಂಡವನ್ನು ಪಡೆದು ಮೂತ್ರನಾಳ ಕಿರಿದಾಗಿದ್ದ ರೋಗಿಯೊಬ್ಬನ ಮೂತ್ರದಲ್ಲಿ ಬಿಕೆ ವೈರಸ್ಸನ್ನು ಕಂಡುಹಿಡಿದ ವಾರ್ತೆಯನ್ನು ಪ್ರಕಟಿಸಿದರು. ಒಬ್ಬನ ದೇಹರಕ್ಷೆಯನ್ನು ರೋಗವೇ ಕುಗ್ಗಿಸಿತ್ತು. ಮತ್ತೊಬ್ಬನದನ್ನು, ಪರರ ಅಂಗ ಉಳಿಯಲೆಂದು, ವೈದ್ಯರೇ ಬೇಕೆಂದು ಕುಗ್ಗಿಸಿದ್ದರು. ಮುಂದಿನ ಚರಿತ್ರೆಯು ಈ ಎರಡು ಕವಲುಗಳಲ್ಲಿಯೇ ಹರಿದಿದೆ.

ಮೊದಲನೆಯ ಕವಲು ಏಡ್ಸ್ ರೋಗದೊಡನೆ ಉಕ್ಕಿತು. ಅದುವರೆಗೆ ಅಪೂರ್ವವಾಗಿದ್ದ ಪಿಎಂಎಲ್, 1980ರ ದಶಕದಲ್ಲಿ ಎಚ್‌ಐವಿ ಪೀಡಿತರನ್ನು ಕಾಡತೊಡಗಿ, ಪರಿಣಾಮಕಾರಿಯಾದ ಔಷಧಗಳು ಬರುವ ಮುನ್ನ ಪಾಶ್ಚಾತ್ಯ ದೇಶಗಳ ಏಡ್ಸ್ ರೋಗಿಗಳಲ್ಲಿ ನೂರಕ್ಕೆ ಸುಮಾರು 5ರಷ್ಟು ಮಂದಿಯನ್ನು ಮುಟ್ಟಿತು. ಭಾರತದಲ್ಲಿ ಅದು ಅಷ್ಟಾಗಿ ಏಕೆ ಕಾಣಿಸದೆಂಬ ಪ್ರಶ್ನೆಯನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸಂಶೋಧಕರು 2003ರಲ್ಲಿ ಚರ್ಚೆಗೆ ತಂದರು. ಎರಡನೆಯ ಕವಲು ಅಂಗಕಸಿಯದು: ಟ್ಯಾಕ್ರೊಲಿಮಸ್‌ನಂತಹ ಪ್ರಬಲ ಔಷಧಗಳು 1990ರ ದಶಕದಲ್ಲಿ ಬಳಕೆಗೆ ಬಂದು, ತಿರಸ್ಕಾರದ ಭೀತಿ ಇಳಿದಂತೆ, ಬಿಕೆ ವೈರಸ್ಸು ಎಚ್ಚತ್ತು ಕಸಿಮಾಡಿದ ಮೂತ್ರಪಿಂಡವನ್ನೇ ಕೆಡಿಸುವ ಪ್ರಸಂಗಗಳು ಏರಿದುವು. ಅಸ್ಥಿಮಜ್ಜೆಯ ಕಸಿ ಪಡೆದವರಲ್ಲಿ ಇದೇ ವೈರಸ್ಸು ಮೂತ್ರಕೋಶದಲ್ಲಿ ರಕ್ತಸ್ರಾವವನ್ನು ಉಂಟುಮಾಡುವುದು.

ರಕ್ಷಣಾವ್ಯವಸ್ಥೆಯ ಯಾವ ಭಾಗ ಜೆಸಿ ವೈರಸ್ಸನ್ನು ಅಂಕೆಯಲ್ಲಿಟ್ಟಿದೆಯೆಂಬುದನ್ನು ಸ್ಫುಟವಾಗಿ ತೋರಿಸಿದ್ದು ನಟಾಲಿಜುಮಾಬ್ ಎಂಬ ಔಷಧ. ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಕ್ಕಾಗಿ ಅಮೆರಿಕದಲ್ಲಿ 2004ರ ನವೆಂಬರಿನಲ್ಲಿ ಅನುಮತಿ ಪಡೆದ ಈ ಔಷಧವು ಲಿಂಫೋಸೈಟ್‌ಗಳು ರಕ್ತದಿಂದ ಮಿದುಳಿಗೆ ದಾಟುವುದನ್ನು ತಡೆಯುತ್ತದೆ. ಪಿಎಂಎಲ್ ಪ್ರಕರಣಗಳು ಬೆಳಕಿಗೆ ಬಂದುದರಿಂದ 2005ರ ಫೆಬ್ರವರಿಯಲ್ಲಿ ಹಿಂತೆಗೆಯಲ್ಪಟ್ಟು, 2006ರಲ್ಲಿ ಕಟ್ಟುನಿಟ್ಟಾದ ನಿಯಮಗಳೊಡನೆ ಮರಳಿತು. ಒಟ್ಟು ದೇಹಶಕ್ತಿ ಕುಂದದಿದ್ದರೂ, ಮಿದುಳಿಗೆ ನಡೆಯುವ ಗಸ್ತು ನಿಂತರೆ ಸಾಕೆಂಬುದು ಇದರಿಂದ ಸಿದ್ಧವಾಯಿತು.

ಪಾಲಿಯೋಮಾ ವೈರಸ್ಸುಗಳ ಮೇಲೆ ನೇರವಾಗಿ, ಖಚಿತವಾಗಿ ಕೆಲಸಮಾಡುವ ಔಷಧ ಇಂದಿಗೂ ರೂಢಿಯಲ್ಲಿಲ್ಲ. ಸುಮಾರು 5,000 ಬೇಸ್ ಜೋಡಿಗಳಷ್ಟೇ ಉದ್ದದ ಡಿಎನ್‌ಎ ಹೊಂದಿ, ತನ್ನ ವೃದ್ಧಿಗೆ ನಮ್ಮ ಜೀವಕೋಶದ ಸಲಕರಣೆಗಳನ್ನೇ ಬಳಸುವ ವೈರಸ್ಸಿನಲ್ಲಿ ಔಷಧಕ್ಕೆ ಗುರಿಯಾಗತಕ್ಕ ಸ್ಥಾನಗಳು ಕಡಮೆ. ಆದಕಾರಣ ಚಿಕಿತ್ಸೆಯೆಂದರೆ ದೇಹರಕ್ಷೆಯನ್ನು ಮರಳಿಸುವುದೇ ಆಗಿದೆ. ಅದರಲ್ಲಿಯೂ ಅಪಾಯ ತಪ್ಪಿದ್ದಲ್ಲ. ನಿರೋಧಶಕ್ತಿಯನ್ನು ಅಡಗಿಸುವ ಔಷಧವನ್ನು ತಗ್ಗಿಸಿದರೆ ಕಸಿಯಾದ ಅಂಗ ತಿರಸ್ಕೃತವಾದೀತು. ಮಿದುಳಿನಲ್ಲಿ ಹಠಾತ್ತನೆ ಮರಳಿದ ರಕ್ಷಣಾಶಕ್ತಿ ಉರಿಯೂತವನ್ನೆಬ್ಬಿಸೀತು. ಮೂತ್ರಪಿಂಡದ ಕಸಿಯಾದವರ ರಕ್ತದಲ್ಲಿ ಬಿಕೆ ಡಿಎನ್‌ಎಯನ್ನು ನಿಯತವಾಗಿ ಅಳೆದು, ಅದು ಏರತೊಡಗಿದೊಡನೆ ಔಷಧದ ಪ್ರಮಾಣವನ್ನು ಹಂತಹಂತವಾಗಿ ಇಳಿಸುವ ಇಂದಿನ ಪದ್ಧತಿಯು, ವೈದ್ಯನು ವೈರಸ್ಸಿನ ಮಟ್ಟವನ್ನು ನೋಡಿ ತನ್ನ ಚಿಕಿತ್ಸೆಯ ಮಿತಿಯನ್ನೇ ತಿದ್ದಿಕೊಳ್ಳುವ ಪದ್ಧತಿಯಾಗಿದೆ.